ಎಂಟ್ಯಾಂಗಲ್ಡ್ ಫೋಟಾನ್ ಪ್ರಾಜೆಕ್ಟ್ ಮಾಡೋ ಮುಂಚೆ ಇಂಟರ್ನೆಟ್ ಲೈನ್ ನೋಡಿ

ಕೊನೆ ವರ್ಷದ ಕ್ವಾಂಟಮ್ ಕೀ ಪ್ರಾಜೆಕ್ಟ್‌ಗೆ, ಅಂದರೆ ಫೋಟಾನ್ ಅನ್ನೋ ಬೆಳಕಿನ ಕಣಗಳಿಂದ ಇಬ್ಬರು ಒಂದೇ ಗುಟ್ಟಿನ ಕೀ ಪಡೆಯೋದಕ್ಕೆ, ಒಂಟಿ ಫೋಟಾನ್ ಕಳಿಸುವ ಬಿಬಿ84 ವಿಧಾನ ಸೇಫಾ, ಒಂದಕ್ಕೊಂದು ಹೆಣೆದುಕೊಂಡ (ಎಂಟ್ಯಾಂಗಲ್ಡ್) ಜೋಡಿ ಫೋಟಾನ್ ಸೇಫಾ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲೇ ಓದುವಾಗ ನಾನೂ ಇದನ್ನೇ ಮಾಡಿದ್ದೆ.

ನಾವು ಹಿಡಿದಿದ್ದು ಆರ್ಟರ್ ಎಕರ್ಟ್ 1991ರಲ್ಲಿ ಕೊಟ್ಟ ವಿಧಾನ. ಕೀ ಬೇಕಾದ ಇಬ್ಬರನ್ನು ಆಲಿಸ್, ಬಾಬ್ ಅನ್ನೋಣ. ಜೋಡಿ ಫೋಟಾನ್‌ಗಳಲ್ಲಿ ಒಂದು ಆಲಿಸ್‌ಗೆ, ಇನ್ನೊಂದು ಬಾಬ್‌ಗೆ. ಇಬ್ಬರೂ ಅಳೆದು, ಒಂದಿಷ್ಟು ಫಲಿತಾಂಶಗಳನ್ನು ಇಂಟರ್ನೆಟ್‌ನಲ್ಲಿ ಹೋಲಿಸಿ, ಜೋಡಿ ನಿಜಕ್ಕೂ ಹೆಣೆದುಕೊಂಡಿದೆಯಾ ಅಂತ ನೋಡುವ ಬೆಲ್ ಪರೀಕ್ಷೆ ಮಾಡುತ್ತಾರೆ. ಕೀ ಬರೋದು ಹೋಲಿಸದೆ ಉಳಿಸಿಕೊಂಡ ಫಲಿತಾಂಶಗಳಿಂದ. ಎಂಟ್ಯಾಂಗಲ್ಮೆಂಟ್ (ಆ ಹೆಣಿಗೆ) ಇಲ್ಲದಿದ್ದರೆ ಪರೀಕ್ಷೆಯಲ್ಲಿ ಸಿಗುವ ಎಸ್ ಅನ್ನೋ ಸಂಖ್ಯೆ 2 ದಾಟಲ್ಲ, ಇದ್ದರೆ 2.83ರವರೆಗೂ ಏರುತ್ತದೆ. ಮಧ್ಯೆ ಯಾರಾದರೂ ಅಳೆದರೆ ಇಳಿಯುತ್ತದೆ. ನಮ್ಮ ಪೈಥಾನ್ ಸಿಮ್ಯುಲೇಷನ್‌ನಲ್ಲಿ ಗ್ರಾಫ್ 2.8ರ ಹತ್ತಿರ ಗಟ್ಟಿಯಾಗಿ ನಿಂತಿತ್ತು.

ವೈವಾಗೆ ಬಂದ ಎಕ್ಸ್‌ಟರ್ನಲ್ ಸರ್ ಗ್ರಾಫ್ ನೋಡಲೇ ಇಲ್ಲ. ಬ್ಲಾಕ್ ಡಯಾಗ್ರಾಮ್ ತೆಗೆದು, 'ಇಂಟರ್ನೆಟ್' ಅಂತಿದ್ದ ಗೆರೆ ಮೇಲೆ ಪೆನ್ಸಿಲ್‌ನಲ್ಲಿ ಇನ್ನೊಂದು ಚೌಕ ಹಾಕಿದರು. "ಕೀ ಕದಿಯೋ ಈವ್ ಇಲ್ಲಿ ಕೂತಿದ್ದಾಳೆ. ಆಲಿಸ್‌ಗೆ ನಾನೇ ಬಾಬ್ ಅಂತಾಳೆ, ಬಾಬ್‌ಗೆ ನಾನೇ ಆಲಿಸ್ ಅಂತಾಳೆ. ಹೆಂಗೆ ಕಂಡುಹಿಡೀತೀಯಪ್ಪ?"

ಉತ್ತರ ಇರಲಿಲ್ಲ. ಈವ್ ಫೋಟಾನ್ ಕದಿಯಬೇಕಾಗೇ ಇಲ್ಲ. ಎರಡೂ ಕಡೆಗೆ ತಾನೇ ಬೇರೆ ಬೇರೆ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದನ್ನು ಕಳಿಸಿ ಇನ್ನೊಂದನ್ನು ತಾನಿಟ್ಟುಕೊಂಡು, ಇಬ್ಬರ ಜೊತೆಗೂ ನಿಯತ್ತಾಗಿ ಪರೀಕ್ಷೆ ಮಾಡುತ್ತಾಳೆ. ಆಲಿಸ್‌ಗೂ 2.8, ಬಾಬ್‌ಗೂ 2.8. ಎರಡು ಕೀ, ಎರಡೂ ಅವಳ ಕೈಯಲ್ಲಿ. ಆ ಇಂಟರ್ನೆಟ್ ಲೈನನ್ನು ಯಾರು ಬೇಕಾದರೂ ಕೇಳಿಸಿಕೊಳ್ಳಲಿ, ಆದರೆ ಯಾರೂ ತಿದ್ದಬಾರದು, ಇದು ಇಡೀ ವಿಧಾನದ ಷರತ್ತು. ನಾವು ಕೇಳಿಸಿಕೊಳ್ಳೋದನ್ನು ಮಾತ್ರ ಯೋಚಿಸಿದ್ದೆವು. ತಿದ್ದೋದನ್ನು ತಡೆಯುವ ಒಂದು ಸಾಲೂ ಕೋಡ್‌ನಲ್ಲಿ ಇರಲಿಲ್ಲ. ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗಬೇಕಿದ್ದ ಪ್ರಾಜೆಕ್ಟ್ ಅಲ್ಲಿಗೇ ನಿಂತಿತು.

ಹಾಗಾಗಿ ಯಾವುದು ಸೇಫ್ ಅನ್ನೋ ನಿಮ್ಮ ಪ್ರಶ್ನೆಯೇ ಜಾಗ ತಪ್ಪಿದೆ. ಬಿಬಿ84ರಲ್ಲೂ ಇದೇ ತೂತು ಇದೆ. ಮುಚ್ಚೋಕೆ ಇಬ್ಬರ ಹತ್ತಿರವೂ ಮೊದಲೇ ಒಂದು ಚಿಕ್ಕ ಗುಟ್ಟಿನ ಕೀ ಇರಬೇಕು. ಅದರಿಂದ ಪ್ರತಿ ಸಂದೇಶಕ್ಕೂ ವೆಗ್‌ಮನ್-ಕಾರ್ಟರ್ ವಿಧಾನದ ಟ್ಯಾಗ್, ಅಂದರೆ ಸಂದೇಶ ತಿದ್ದಿದರೆ ತಾಳೆಯಾಗದ ಗುರುತು, ಹಾಕಬೇಕು. ಹೊಸ ಕೀ ಬಂದಾಗ ಸ್ವಲ್ಪ ಮುಂದಿನ ಸಲಕ್ಕೆ ಎತ್ತಿಡಬೇಕು, ಮೊಸರಿಗೆ ಹೆಪ್ಪು ಉಳಿಸಿದ ಹಾಗೆ.

ಎಂಟ್ಯಾಂಗಲ್ಮೆಂಟೇ ತಗೊಳ್ಳಿ, ಫೋಟಾನ್ ಮೂಲವನ್ನು ನಂಬಬೇಕಾಗಿಲ್ಲ ಅನ್ನೋದು ಅದರ ದೊಡ್ಡ ಲಾಭ. ಇಸ್ರೋದವರು 2022ರ ಜನವರಿಯಲ್ಲಿ ಅಹಮದಾಬಾದಿನಲ್ಲಿ 300 ಮೀಟರ್ ದೂರಕ್ಕೆ ಇದನ್ನು ಮಾಡಿ ತೋರಿಸಿದ್ದಾರೆ. ಆದರೆ ಸುಮ್ನೆ ಲೇಸರ್, ಕ್ರಿಸ್ಟಲ್ ಅಂತ ಹೊರಡಬೇಡಿ. ಒಂಟಿ ಫೋಟಾನ್ ಹಿಡಿಯುವ ಡಿಟೆಕ್ಟರ್‌ಗೇ ಲಕ್ಷಗಟ್ಟಲೆ ಬೇಕು. ಸಿಮ್ಯುಲೇಷನ್ ಸಾಕು. ಟ್ಯಾಗ್ ಹಾಕುವ ಫಂಕ್ಷನ್ ಮೊದಲು ಬರೆಯಿರಿ. ಆಮೇಲೆ ಈವ್‌ಳನ್ನು ಲೈನ್ ಮಧ್ಯೆ ಕೂರಿಸಿ ಓಡಿಸಿ. ಟ್ಯಾಗ್ ತಾಳೆಯಾಗದೆ ಪ್ರೋಗ್ರಾಂ ನಿಂತರೆ ಮಾತ್ರ ಗೈಡ್‌ಗೆ ತೋರಿಸಿ.