ಕಣ್ಣು ನೋಡಿ ಕಾಯಿಲೆ ಹೇಳಕ್ಕಾಗುತ್ತಾ?

ರಾಜಾಜಿನಗರದಿಂದ ಬರೆದಿರೋ ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ತಮ್ಮನಿಗೆ ಸ್ಕಿಜೋಟೈಪಲ್ ಪರ್ಸನಾಲಿಟಿ ಡಿಸಾರ್ಡರ್ (ಯೋಚನೆ, ನಡವಳಿಕೆ ವಿಚಿತ್ರ ಅನ್ನಿಸೋದು, ಜನರ ಜೊತೆ ಬೆರೆಯೋದು ಕಷ್ಟ ಆಗೋದು, ಇಂಥ ವ್ಯಕ್ತಿತ್ವದ ತೊಂದರೆ) ಅಂತ ಡಾಕ್ಟರ್ ಹೇಳಿದಾರೆ, ಅವನು ಮುಖ ನೋಡಿ ಮಾತಾಡಲ್ಲ, ಕಣ್ಣಿನ ಟೆಸ್ಟಲ್ಲೇ ಇದೆಲ್ಲ ಗೊತ್ತಾಗುತ್ತಂತಲ್ಲ, ನನ್ನ ಮಕ್ಕಳಿಗೂ ಮಾಡಿಸಿಬಿಡ್ಲಾ ಅಂತ ಕೇಳಿದೀರ.

ಮುಖ ನೋಡದೇ ಇರೋದು ಬೇರೆ ವಿಷಯ, ಅದು ಸಂಕೋಚನೂ ಇರಬಹುದು, ಅನುಮಾನನೂ ಇರಬಹುದು. ಸಂಶೋಧಕರು ಅಳೆಯೋದು ಅದನ್ನಲ್ಲ. ಕಿಟಕೀಲಿ ನಿಂತು ದೂರದಲ್ಲಿ ಹೋಗ್ತಿರೋ ಬಸ್ ನೋಡಿ, ಕಣ್ಣು ಜಾರಿದ ಹಾಗೆ ಅದರ ಜೊತೇಲೇ ಹೋಗುತ್ತೆ. ಈಗ ಖಾಲಿ ಗೋಡೆ ಮೇಲೆ ಹಂಗೇ ಓಡಿಸಿ, ಆಗಲ್ಲ, ಕಣ್ಣು ಕುಪ್ಪಳಿಸ್ಕೊಂಡು ಹೋಗುತ್ತೆ, ಎದುರಿಗೆ ಕೂತವರಿಗೆ ಚೆನ್ನಾಗಿ ಕಾಣುತ್ತೆ (ನಾನು ಆಫೀಸಲ್ಲಿ ಮಾಡಕ್ಕೋಗಿ ನಗೆಪಾಟಲಾದೆ). ಸ್ಕಿಜೋಫ್ರೇನಿಯಾ (ನಿಜ ಯಾವುದು, ಭ್ರಮೆ ಯಾವುದು ಅನ್ನೋದೇ ಕಲಸಿಹೋಗೋ ಮಾನಸಿಕ ಕಾಯಿಲೆ, ಸ್ಕಿಜೋಟೈಪಲ್ ಇದಕ್ಕೆ ಹತ್ತಿರದ್ದು) ಇರೋ ಅನೇಕರಲ್ಲಿ ಬಸ್ಸಿದ್ರೂ ಕಣ್ಣು ಹಿಂದೆ ಬೀಳುತ್ತೆ, ಆಮೇಲೆ ಜಿಗಿದು ಹಿಡಿಯುತ್ತೆ. ಅಮೆರಿಕದಲ್ಲಿ ಡೀಫೆಂಡಾರ್ಫ್, ಡಾಡ್ಜ್ ಅನ್ನೋರು ಇದನ್ನ 1908ರಲ್ಲೇ ಗಮನಿಸಿದ್ರು, ಆದ್ರೆ ಜಾಸ್ತಿ ಜನ ತಲೆ ಕೆಡಿಸ್ಕೊಂಡಿದ್ದು 1973ರಲ್ಲಿ ಫಿಲಿಪ್ ಹೋಲ್ಜ್‌ಮನ್ ತಂಡ ಮತ್ತೆ ಕೈಗೆತ್ತಿಕೊಂಡ ಮೇಲೆ. ಕಾಯಿಲೆ ಇಲ್ದೇ ಇರೋ ಅಣ್ಣತಮ್ಮ, ಅಪ್ಪಅಮ್ಮಂದಿರಲ್ಲೂ ಇದು ಸಿಕ್ತು ನೋಡಿ, ಅಲ್ಲಿಂದ ವಂಶದ ಎಳೆ ಹುಡುಕಾಟ ಶುರುವಾಯ್ತು, ಹಾಗೇ ಸ್ಕಿಜೋಟೈಪಲ್ ಇರೋರ ಮೇಲೂ ಸ್ಟಡಿಗಳು ಬಂದ್ವು.

ಇನ್ನೊಂದು ಟೆಸ್ಟಿದೆ, ನನಗೆ ಇದೇ ಇಷ್ಟ. ಬಲಕ್ಕೆ ಲೈಟ್ ಹೊಳೆದ್ರೆ ಎಡಕ್ಕೆ ನೋಡಬೇಕು. ಕಣ್ಣು ಕೇಳಲ್ಲ, ಲೈಟ್ ಕಡೆಗೇ ಎಳೆಯುತ್ತೆ, ಅದಕ್ಕೆ ಬ್ರೇಕ್ ಹಾಕೋದು ಮೆದುಳಿನ ಮುಂಭಾಗದ ಕೆಲ್ಸ. ಎಲ್ಲರೂ ತಪ್ತಾರೆ, ಸ್ಕಿಜೋಫ್ರೇನಿಯಾ ಇರೋರು ಸರಾಸರಿ ನೋಡಿದ್ರೆ ಜಾಸ್ತಿ ತಪ್ತಾರೆ.

ಆ ಸರಾಸರಿ ಅನ್ನೋದೇ ಇಲ್ಲಿ ಮುಖ್ಯ. ನಿದ್ದೆ ಕೆಟ್ಟಿದ್ರೂ, ವಯಸ್ಸಾದ್ರೂ, ಕೆಲವು ಮಾತ್ರೆ ತಗೊಂಡ್ರೂ ಕಣ್ಣಿನ ಓಟ ಕೆಡುತ್ತೆ. ಕಾಯಿಲೆ ಇದ್ದೂ ನೆಟ್ಟಗೆ ಮಾಡೋರಿದಾರೆ. ಒಬ್ಬರ ರಿಪೋರ್ಟ್ ಹಿಡ್ಕೊಂಡು ಇವರಿಗೆ ಇಂಥದ್ದು ಅನ್ನಕ್ಕಾಗಲ್ಲ, ಡಾಕ್ಟರ್ ಕೂತು ಮಾತಾಡಿಸಿ ಹಿಂದಿನದೆಲ್ಲ ಕೇಳಿನೇ ಹೇಳೋದು. ಮಕ್ಕಳಂತೂ ಈ ಲೈಟ್ ಟೆಸ್ಟಲ್ಲಿ ತಪ್ಪೋದು ಮಾಮೂಲಿ, ಆ ಬ್ರೇಕ್ ಗಟ್ಟಿಯಾಗೋದೇ ಹದಿಹರೆಯ ಮುಗಿಯೋ ಹೊತ್ತಿಗೆ. ಮಾಡಿಸಬೇಡಿ, ಯಾರಾದ್ರೂ ಪ್ಯಾಕೇಜ್ ಅಂತ ದುಡ್ಡು ಕೇಳಿದ್ರೂ ಕೊಡಬೇಡಿ.

ತಮ್ಮನ ಬಗ್ಗೆ ಎರಡನೇ ಅಭಿಪ್ರಾಯ ಬೇಕಂದ್ರೆ ನಿಮ್ಹಾನ್ಸ್ ನಿಮ್ಮೂರಲ್ಲೇ ಇದೆ, ಅಷ್ಟು ದೂರ ಬರಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ. ಮತ್ತೆ ಅವನಿಗೆ "ಮುಖ ನೋಡಿ ಮಾತಾಡೋ" ಅಂತ ದಿನಾ ಹೇಳ್ತೀನಿ ಅಂದ್ರಲ್ಲ, ಒಂದು ವಾರ ಬಿಟ್ಟು ನೋಡಿ. ಪಕ್ಕದಲ್ಲಿ ಕೂರಿಸ್ಕೊಂಡು ಹುರುಳಿಕಾಯಿ ಬಿಡಿಸ್ತಾ ಮಾತಾಡಿ.