ಟ್ಯಾಬ್ ಒಂದೇ ಸಾಕಾ ಅಂತ ಕೇಳಿದ ತಂಗಿಗೆ

ತಂಗೀ, ನೀನು ಕಾರಟಗಿಯವಳು ಅಂತ ಓದಿ ತುಂಬಾ ಖುಷಿಯಾಯಿತು. ನಂದು ಗಂಗಾವತಿ. ನೀನು ಪಿಯುಸಿ ಅರ್ಧಕ್ಕೆ ಬಿಟ್ಟು, ಮದುವೆಯಾಗಿ ನ್ಯೂಜೆರ್ಸಿಗೆ ಬಂದಿದ್ದೀಯ. ಜಿಇಡಿ (ಅಮೆರಿಕದ ಹೈಸ್ಕೂಲ್ ಮುಗಿಸದವರು ಅದಕ್ಕೆ ಸಮನಾಗಿ ಬರೆಯೋ ಪರೀಕ್ಷೆ) ಕಟ್ಟಬೇಕು, ಯಜಮಾನರ ಟ್ಯಾಬ್‌ನಲ್ಲಿ ಓದಿದರೆ ಸಾಕಾ, ಎಷ್ಟು ತಿಂಗಳು ಬೇಕು, ಫೀಸೆಷ್ಟು ಅಂತ ಕೇಳಿದ್ದೀಯ.

ಫೀಸು ರಾಜ್ಯಕ್ಕೊಂದು ಥರ, ಜಿಇಡಿ ವೆಬ್‌ಸೈಟಿನಲ್ಲೇ ನೋಡು. ಎಷ್ಟು ತಿಂಗಳು ಅನ್ನೋದು ಮನೆಕೆಲಸ ನಿನ್ನನ್ನು ಎಷ್ಟು ಬಿಡುತ್ತೆ ಅನ್ನೋದರ ಮೇಲೆ. ವಿಷಯ ನಾಲ್ಕು: ಗಣಿತ, ಇಂಗ್ಲಿಷ್, ವಿಜ್ಞಾನ, ಸಮಾಜ. ಒಂದೊಂದರಲ್ಲೂ 145 ಬಂದರೆ ಪಾಸು. ಅಂಕ 100ರಿಂದ 200ರ ನಡುವೆ ಕೊಡುತ್ತಾರೆ, ನಾವು ಊರಲ್ಲಿ ಓದುವಾಗಿದ್ದ 35ಕ್ಕೆ ಪಾಸು ಅನ್ನೋ ಲೆಕ್ಕ ಇಲ್ಲಿಲ್ಲ. ಗಣಿತಕ್ಕೆ ಹೆದರಬೇಡ. ಕನ್ನಡ ಮೀಡಿಯಂನಲ್ಲಿ ಕಲಿತ ಬೀಜಗಣಿತವೇ ಅದು, ಹೆಸರು ಮಾತ್ರ ಬೇರೆ. ಸಮಾಜದಲ್ಲಿ ಅರ್ಧದಷ್ಟು ಇಲ್ಲಿನ ಸಂವಿಧಾನ, ಸರ್ಕಾರ. ಖಾನ್ ಅಕಾಡೆಮಿ ಅನ್ನೋ ವೆಬ್‌ಸೈಟಿನಲ್ಲಿ ಪಾಠಗಳು ಪುಕ್ಕಟೆ.

ಓದೋದಕ್ಕೆ ಟ್ಯಾಬ್ ಸಾಕು. ಬರೆಯೋದಕ್ಕೆ ಸಾಲದು. ಪರೀಕ್ಷೆ ಕಂಪ್ಯೂಟರಿನಲ್ಲಿ. ಮನೆಯಿಂದಲೇ ಬರೆಯುತ್ತೇನೆ ಅಂದರೂ ಕಂಪ್ಯೂಟರೇ ಬೇಕು, ಟ್ಯಾಬ್ ಒಪ್ಪಲ್ಲ.

ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನು ಬಂದದ್ದು 2015ರ ಜನವರಿಯಲ್ಲಿ. ಅಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಇಲ್ಲಿ ಬಾಗಿಲು ತೆಗೆಯಲಾರದಷ್ಟು ಹಿಮ. ಒಂದು ವರ್ಷ ರಾತ್ರಿ ಪಾತ್ರೆ ತೊಳೆದಿಟ್ಟು ಟ್ಯಾಬ್ ಹಿಡಿದು ಕೂತೆ. ಬೆರಳಿಂದ ಒತ್ತಿದರೆ ಉತ್ತರ, ಸ್ಪೆಲ್ಲಿಂಗ್ ತಪ್ಪಿದರೆ ಅದೇ ತಿದ್ದುತ್ತಿತ್ತು. ಗಣಿತ, ವಿಜ್ಞಾನ, ಸಮಾಜ ಪಾಸಾದೆ. ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಇರುತ್ತೆ, 45 ನಿಮಿಷ. ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಾ ಕೂತೆ. ಆರು ಸಾಲು ಆಗುವಷ್ಟರಲ್ಲಿ ಟೈಮು ಮುಗಿಯಿತು. ಫೇಲು.

ಆ ಒಂದು ವಿಷಯ ಮಾತ್ರ ಮತ್ತೆ ಬರೆದರೆ ಸಾಕಿತ್ತು. ಅದೂ ಗೊತ್ತಿರಲಿಲ್ಲ. ಎಲ್ಲಾ ಹೋಯಿತು ಅಂದುಕೊಂಡು ಟ್ಯಾಬ್ ಮಗನ ಕಾರ್ಟೂನಿಗೆ ಕೊಟ್ಟುಬಿಟ್ಟೆ. ಊರಿಗೆ ಹೋದಾಗ ಅಪ್ಪ, "ಪಾಸಾದೇನವ್ವಾ?" ಅಂದರು. ಹೂಂ ಅಂದೆ. ಸಂಜೆಯೇ ಪೇಡೆ ತಂದು ಓಣಿಗೆಲ್ಲ ಹಂಚಿದರು. ಮಂಡಾಳ, ಮಿರ್ಚಿ ಮುಂದೆ ಇಟ್ಟಿದ್ದರು, ಒಂದು ತುತ್ತೂ ಇಳಿಯಲಿಲ್ಲ.

ಎರಡು ವರ್ಷ ಆದಮೇಲೆ ನಿಜವಾಗಿ ಪಾಸಾದೆ. ಫೋನ್ ಕೈಗೆತ್ತಿಕೊಂಡೆ, ಯಾರಿಗೆ ಹೇಳಲಿ? ಅವರ ಪಾಲಿಗೆ ಅದು ಹಳೇ ಸುದ್ದಿ. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ನೀನು ಈ ವಾರವೇ ಹತ್ತಿರದ ಲೈಬ್ರರಿಗೆ ಹೋಗು. ಕಂಪ್ಯೂಟರ್ ಪುಕ್ಕಟೆ ಸಿಗುತ್ತೆ. ದಿನಾ ಅರ್ಧ ಗಂಟೆ, ಕಾರಟಗಿ ಬಗ್ಗೆಯಾದರೂ ಸರಿ, ಇಂಗ್ಲಿಷಿನಲ್ಲಿ ಒಂದು ಪುಟ ಟೈಪ್ ಮಾಡು. ಫೇಲಾದರೆ ಮನೆಯವರಿಗೆ ಫೇಲಾದೆ ಅಂತಲೇ ಹೇಳು. ನನಗೂ ಬರೆ, ಆ ಪ್ರಬಂಧ ನಾನು ಓದಿ ಕೊಡುತ್ತೇನೆ.