ಧ್ವನಿ ಒಡೆದ ಹುಡುಗ, ಅವನನ್ನು ಬಿಟ್ಟುಹೋದ ಬ್ಯಾಂಡ್

ಬಳ್ಳಾರಿಯ ಒಬ್ಬ ತಾಯಿ ಬೇಸಿಗೆ ರಜೆಯಲ್ಲಿ ಮಗನನ್ನು ಕರೆದುಕೊಂಡು ಆಪ್ತಸಲಹೆಗೆ ನನ್ನ ಹತ್ತಿರ ಬಂದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ ಹುಡುಗ. ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಮಕ್ಕಳಿಗೆ ಹೆಸರೂ ಕೊಡುವುದಿಲ್ಲ, ಅವರವರ ವಾದ್ಯದಿಂದಲೇ ಕರೆಯುತ್ತೇನೆ.

"ಮನ್ಯಾಗ ಯಾರ ಜೊತಿನೂ ಮಾತಾಡವಲ್ಲ ಮೇಡಂ, ಊಟಕ್ಕ ಕರದ್ರ ಬಾಗ್ಲ ಹಾಕ್ಕೊಂತಾನ" ಅಂದರು ತಾಯಿ. ಹುಡುಗ ತಲೆ ಎತ್ತಲಿಲ್ಲ. ಮೊಸರು ಬಿಟ್ಟಿದ್ದಾನೆ, ತಣ್ಣೀರು ಬಿಟ್ಟಿದ್ದಾನೆ, ದಿನಾ ಮೆಣಸಿನ ಕಷಾಯ ಕುಡಿಯುತ್ತಾನೆ, ಜೇಷ್ಠಮಧು ಬಾಯಲ್ಲೇ ಇಟ್ಟುಕೊಂಡಿರುತ್ತಾನೆ ಅಂತ ಅವರು ಹೇಳಿದಾಗಲೇ ನನಗೆ ವಿಷಯ ಗಂಟಲಿನದ್ದು ಅಂತ ಅನ್ನಿಸಿತು.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ನಿಧಾನವಾಗಿ ಮಾತು ಬಂತು. ಅವನು ಶಾಲೆಯಲ್ಲಿ ಚೆನ್ನಾಗಿ ಹಾಡುತ್ತಿದ್ದವನು. ಗೆಳೆಯರು ಸೇರಿ ಬ್ಯಾಂಡ್ ಮಾಡಿಕೊಂಡಿದ್ದರು: ಯೂಟ್ಯೂಬ್ ನೋಡಿ ಗಿಟಾರ್ ಕಲಿತವನೊಬ್ಬ, ಕೀಬೋರ್ಡ್ ನುಡಿಸುವ ಹುಡುಗಿ, ಮಾಸ್ತರ ಹತ್ತಿರ ತಬಲಾ ಕಲಿಯುತ್ತಿರುವವನೊಬ್ಬ. ಹಾಡುವುದು ಇವನು. ಗಣೇಶನ ಪೆಂಡಾಲ್‌ನಲ್ಲಿ ನುಡಿಸಬೇಕು ಅಂತ ಆಸೆ. ಅಷ್ಟರಲ್ಲಿ ಇವನ ಧ್ವನಿ ಒಡೆಯಲು ಶುರುವಾಯಿತು. ಮೇಲಿನ ಸ್ವರ ಮುಟ್ಟಲು ಹೋದರೆ ಕೀರಲು, ಇಲ್ಲವೇ ಬರೀ ಗಾಳಿ. ಗೆಳೆಯರು ನಕ್ಕರು, ಆಮೇಲೆ ಇನ್ನೊಬ್ಬ ಹುಡುಗಿಯನ್ನು ಹಾಡಲು ಕರೆತಂದು ಇವನಿಗೆ "ನೀನು ತಾಳ ಬಡಿ ಸಾಕು" ಅಂದರು. ಕಿರುಚಿ ಕಿರುಚಿ ಗಂಟಲು ಶಾಶ್ವತವಾಗಿ ಹಾಳಾಯಿತು ಅಂತ ಇವನು ನಂಬಿಕೊಂಡಿದ್ದ.

ಮೊದಲು ನಿದ್ದೆ, ಊಟ, ಸಾಯಬೇಕು ಅನ್ನುವ ಯೋಚನೆ ಏನಾದರೂ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ದಾರಿಯೇ ಬೇರೆ. ಓದುವವರ ಮನೆಯಲ್ಲಿ ಅಂಥ ಮಾತು ಬಂದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಕಿಲ್ಲ.

ಆಮೇಲೆ ಗಂಟಲಿನ ಮಾತು. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ, ಅದಕ್ಕೇ ಧ್ವನಿ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗೆ ಇಳಿಯುತ್ತದೆ ಅಂತ ವಿವರಿಸಿದೆ. ಇಳಿಯುವ ಹೊತ್ತಿನಲ್ಲಿ ಜಾರುತ್ತದೆ. ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ವರ್ಷಕ್ಕೂ ಜಾಸ್ತಿ. ಹಾಡುವುದನ್ನು ಪೂರ್ತಿ ನಿಲ್ಲಿಸಬೇಕಿಲ್ಲ, ಆರಾಮಾಗಿ ಬರುವಷ್ಟರಲ್ಲೇ ಮೆಲ್ಲಗೆ ಹಾಡಬೇಕು, ಮೇಲಿನ ಸ್ವರಕ್ಕೆ ಒತ್ತಾಯ ಮಾಡಬಾರದು. ಮೂರು ವಾರ ದಾಟಿದರೂ ಗಂಟಲು ಕಟ್ಟಿಕೊಂಡೇ ಇದ್ದರೆ ಯಾವ ವಯಸ್ಸಿನವರಾದರೂ ಡಾಕ್ಟರಿಗೆ ತೋರಿಸುವುದು ಒಳ್ಳೆಯದು, ಹಾಗಾಗಿ ಇವನನ್ನೂ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ. ಏನೂ ತೊಂದರೆ ಇಲ್ಲ, ವಯಸ್ಸಿನದ್ದು ಅಂದರು. ಆ ದಿನವೇ ಮೊಸರನ್ನ ತಿಂದನಂತೆ.

ಆದರೆ ಗೆಳೆಯರು ಬಿಟ್ಟರು ಅನ್ನುವ ನೋವು ಡಾಕ್ಟರ ಮಾತಿನಿಂದ ಹೋಗುವಂಥದ್ದಲ್ಲ. ಅವನನ್ನು ಕೇಳಿ, ಮನೆಯವರ ಒಪ್ಪಿಗೆ ತೆಗೆದುಕೊಂಡು, ಎಲ್ಲ ಮಕ್ಕಳನ್ನೂ ವಾದ್ಯ ಸಮೇತ ಕರೆಸಿದೆ. ನಾನು ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲಿತವಳು, ಅದು ಇಲ್ಲಿ ಉಪಯೋಗಕ್ಕೆ ಬಂತು.

ನುಡಿಸಿ ಅಂದೆ. ಹಾಡು ಇ ಸ್ಕೇಲಿನಲ್ಲಿತ್ತು, ಅಂದರೆ ಶ್ರುತಿ ಹಾರ್ಮೋನಿಯಂನ ಬಿಳಿ ಮೂರು (ಮೂರನೇ ಬಿಳಿ ಕೀ). ಯಾಕೆ ಇಷ್ಟು ಮೇಲೆ ಅಂತ ಕೇಳಿದರೆ, "ಇವ್ನು ಎಂಟನೇ ಕ್ಲಾಸಿನ್ಯಾಗ ಇದ್ದಾಗ ಇಲ್ಲೇ ಹಾಡ್ತಿದ್ದ ಮೇಡಂ" ಅಂದಳು ಕೀಬೋರ್ಡ್ ಹುಡುಗಿ. ಹುಡುಗ ಬೆಳೆದಿದ್ದಾನೆ, ಸ್ಕೇಲ್ ಮಾತ್ರ ಅಲ್ಲೇ ನಿಂತಿದೆ! ಅವನಿಗೆ ಆರಾಮಾಗಿ ಬರುವ ಕೆಳಗಿನ ಸ್ವರ, ಮೇಲಿನ ಸ್ವರ ಹುಡುಕಿದೆವು. ಕರಿ, ಬಿಳಿ ಕೀ ಎಲ್ಲ ಎಣಿಸಿದರೆ ಏಳು ಮನೆ ಕೆಳಗಿನ ಎ ಸರಿಹೊಂದಿತು.

ಇಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಹೊರಬಂತು. ಕೆಲವು ಸ್ವರ ಒಟ್ಟಿಗೆ ನುಡಿಸುವುದಕ್ಕೆ ಕಾರ್ಡ್ ಅನ್ನುತ್ತಾರೆ. ಇ ಸ್ಕೇಲಿನಲ್ಲಿ ಇ, ಎ, ಬಿ ಕಾರ್ಡ್‌ಗಳು ಬೇಕು. ಬಿ ಹಿಡಿಯುವುದು ಹೊಸಬರಿಗೆ ಕಷ್ಟ, ಬೆರಳು ಅಡ್ಡ ಹಾಕಿ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಗಿಟಾರ್ ಹುಡುಗ ಅಲ್ಲಿ ಸುಮ್ನೆ ಕೈ ಆಡಿಸಿ ದಾಟಿಸುತ್ತಿದ್ದ, ಯಾರಿಗೂ ಹೇಳಿರಲಿಲ್ಲ. ಎ ಸ್ಕೇಲಿಗೆ ಬಂದರೆ ಎ, ಡಿ, ಇ ಸಾಕು. ಅವನ ಮುಖ ನೋಡಬೇಕಿತ್ತು. ಕೀಬೋರ್ಡಿಗೆ ಸ್ಕೇಲ್ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಇದ್ದೇ ಇದೆ. ತಬಲಾ ಹುಡುಗ ಮಾತ್ರ ಅಷ್ಟು ಕೆಳಗೆ ಇಳಿಸೋಕೆ ಬರಲ್ಲ ಅಂತ ಗಾಬರಿಯಾದ. ಇಳಿಸಬೇಡ ಅಂದೆ. ಎ ಷಡ್ಜವಾದರೆ (ಸ) ಇ ಪಂಚಮ (ಪ), ತಬಲಾ ಪಂಚಮಕ್ಕೆ ಕೂಡಿದ್ದರೂ ನಡೆಯುತ್ತದೆ. ಸುತ್ತಿಗೆ ಮುಟ್ಟುವ ಅಗತ್ಯವೇ ಬರಲಿಲ್ಲ.

ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿದ ಊರು ನಮ್ಮದು. ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರು ಹಾಡುವವರ ಶ್ರುತಿ ಹಿಡಿದು ನುಡಿಸುತ್ತಾರೆ, ಪಾತ್ರಧಾರಿಯ ಗಂಟಲನ್ನು ತಮ್ಮ ಮನೆಗೆ ಎಳೆಯುವುದಿಲ್ಲ. ಮಕ್ಕಳಿಗೆ ಇದನ್ನೇ ಹೇಳಿದೆ. ಹುಡುಗನ ತಂದೆ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುವವರು. ಮೂಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. "ಹುಡ್ಗ ಬೆಳದ್ರ ಪ್ಯಾಂಟಿನ ಅಳತಿ ಬದ್ಲಿ ಮಾಡ್ತೀವ್ರಿ" ಅಂದರು.

ಹೊಸದಾಗಿ ಬಂದ ಹುಡುಗಿಯನ್ನು ಈಗ ಹೊರಗೆ ಹಾಕುವುದೂ ತಪ್ಪು. ಅವಳ ಹಾಡು ಅವಳ ಸ್ಕೇಲಿನಲ್ಲಿ, ಇವನದು ಇವನ ಸ್ಕೇಲಿನಲ್ಲಿ.

ಉಳಿದ ಸಲಹೆ ಸಣ್ಣ ಸಣ್ಣವು. ಬ್ಯಾಂಡಿನ ಹೆಸರು, ಇನ್‌ಸ್ಟಾಗ್ರಾಂ ಪೇಜು, ತೆಲುಗು ಹಾಡೋ ಕನ್ನಡ ಹಾಡೋ ಅನ್ನುವ ಜಗಳ ಎಲ್ಲ ಪಕ್ಕಕ್ಕಿಡಿ, ಒಂದು ಹಾಡನ್ನು ಮೊದಲಿಂದ ಕೊನೆತನಕ ನಿಲ್ಲಿಸದೆ ನುಡಿಸುವುದನ್ನು ಕಲಿಯಿರಿ. ತಾಳ ಎಣಿಸುವ ಮೆಟ್ರೋನೋಮ್ ಆ್ಯಪ್ ನಿಮಿಷಕ್ಕೆ 70 ಬಡಿತಕ್ಕೆ ಇಟ್ಟುಕೊಂಡು ನಿಧಾನವಾಗಿ ಶುರುಮಾಡಿ. ಹಾಡುವವರ ಮಾತು ಕೇಳಿಸದಿದ್ದರೆ ಉಳಿದವರು ಸದ್ದು ಇಳಿಸಬೇಕು. ಫೋನ್ ಮಧ್ಯದಲ್ಲಿಟ್ಟು ರೆಕಾರ್ಡ್ ಮಾಡಿ, ಕೇಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಪ್ಪನ್ನು ಮೊದಲು ಹೇಳಬೇಕು, ಇನ್ನೊಬ್ಬರದ್ದು ಆಮೇಲೆ. ಇದೊಂದನ್ನು ಬಿಡಬೇಡಿ ಅಂತ ಒತ್ತಿ ಹೇಳಿದೆ, ಯಾಕೆಂದರೆ ಅವರು ಹುಡುಗನನ್ನು ನೋಡಿ ನಕ್ಕ ದಿನ ಗಿಟಾರ್ ಹುಡುಗನ ಬಿ ಕಾರ್ಡ್ ಕೂಡ ತಪ್ಪೇ ಇತ್ತು.

ಗೆಳೆಯರು ಕ್ಷಮೆ ಕೇಳಿದರು, ಸ್ವಲ್ಪ ನಾಚಿಕೆಯಲ್ಲೇ. ಸಂಜೆ ಬಿಸಿಲು ಇಳಿದ ಮೇಲೆ ಒಬ್ಬರ ಮನೆ ಮಾಳಿಗೆಯಲ್ಲಿ ಅಭ್ಯಾಸ ನಡೆಯುತ್ತಿದೆ. ಧ್ವನಿ ಈಗಲೂ ಒಂದೆರಡು ಕಡೆ ಜಾರುತ್ತದೆ, ಅಲ್ಲಿ ಹೊಸ ಹುಡುಗಿ ಜೊತೆಗೂಡುತ್ತಾಳೆ. ಪಿಯುಸಿ ಶುರುವಾದ ಮೇಲೆ ವಾರಕ್ಕೆ ಎಷ್ಟು ಹೊತ್ತು ಅಭ್ಯಾಸ ಅನ್ನುವುದರ ಬಗ್ಗೆ ತಾಯಿಗೂ ಮಗನಿಗೂ ಇನ್ನೂ ಒಮ್ಮತ ಬಂದಿಲ್ಲ. ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅದನ್ನೇ ಮಾತಾಡಬೇಕು.